ವಿಷಯ ನಿರ್ವಾಹಕರ ಮೇಜಿಗೆ ಬಂದ ಕೃತಕ ಬುದ್ಧಿಮತ್ತೆ

ಸರ್ಕಾರಿ ಕಚೇರಿಗಳಿಗೆ ಕೃತಕ ಬುದ್ಧಿಮತ್ತೆ ಬರಬೇಕೇ ಬೇಡವೇ ಎಂಬ ಚರ್ಚೆ ಬೆಂಗಳೂರಿನ ಸಭಾಂಗಣಗಳಲ್ಲಿ ಇನ್ನೂ ನಡೆಯುತ್ತಿರಬಹುದು. ಕೊಡಗಿನ ಕಚೇರಿಗಳಲ್ಲಿ ಆ ಪ್ರಶ್ನೆಗೆ ಈಗ ಅರ್ಥವಿಲ್ಲ, ಏಕೆಂದರೆ ಅದು ಬಂದಾಗಿದೆ. ಕಚೇರಿಯ ಗಣಕಯಂತ್ರದಲ್ಲಿ ಇಲ್ಲದಿರಬಹುದು, ಸಿಬ್ಬಂದಿಯ ಜೇಬಿನ ಮೊಬೈಲಿನಲ್ಲಂತೂ ಇದೆ. ತರಬೇತಿಗೆಂದು ಹೋದ ತಾಲ್ಲೂಕು ಕಚೇರಿಗಳಲ್ಲೂ ಗ್ರಾಮ ಪಂಚಾಯಿತಿಗಳಲ್ಲೂ, ಇದನ್ನು ಎಷ್ಟು ಮಂದಿ ಬಳಸುತ್ತೀರಿ ಎಂದು ಎಲ್ಲರೆದುರು ಕೇಳಿದರೆ ಒಬ್ಬಿಬ್ಬರು ಅಳುಕುತ್ತಲೇ ಕೈ ಎತ್ತುತ್ತಾರೆ. ಕಾಫಿ ವಿರಾಮದಲ್ಲಿ ಒಬ್ಬೊಬ್ಬರನ್ನೇ ಮಾತನಾಡಿಸಿದರೆ, ಸಾಹೇಬರಿಗೆ ಹೇಳಬೇಡಿ ಎಂಬ ಪೀಠಿಕೆಯೊಂದಿಗೆ, ಯಾವ ಯಾವ ಪತ್ರವನ್ನು ಅದರಿಂದ ಬರೆಸಿಕೊಂಡೆವೆಂದು ಬಹುತೇಕ ಎಲ್ಲರೂ ವಿವರಿಸುತ್ತಾರೆ. ಕದ್ದು ಬಳಸುವ ಈ ಸ್ಥಿತಿಯೇ ನನಗೆ ಆತಂಕದ ವಿಷಯ. ಕದ್ದು ಬಳಸುವವನು ಯಾರನ್ನೂ ಕೇಳಿ ಕಲಿಯಲಾರ, ತಪ್ಪಾದಾಗ ಯಾರಿಗೂ ಹೇಳಲಾರ.

ಕಂದಾಯ ಇಲಾಖೆಗೆ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದ ನಾನು ತಂತ್ರಜ್ಞಾನದಲ್ಲಿ ಪಂಡಿತನಲ್ಲ. ಗಣಕಯಂತ್ರದ ಬಗ್ಗೆ ಒಂದಿಷ್ಟು ಆಸಕ್ತಿ, ಕಡತದ ಬಗ್ಗೆ ಸಾಕಷ್ಟು ಅನುಭವ, ಇವೆರಡನ್ನು ನೋಡಿ ನನ್ನನ್ನು ಸಂಪನ್ಮೂಲ ವ್ಯಕ್ತಿಯೆಂದು ಕರೆಯುತ್ತಾರೆ. ಹೀಗೆ ಹೋಗಿ ಬಂದು ನನಗೆ ದೃಢವಾಗಿರುವ ಅಭಿಪ್ರಾಯ ಇಷ್ಟು: ಯಂತ್ರವನ್ನು ಹೇಗೆ ಪ್ರಶ್ನಿಸಬೇಕೆಂಬುದನ್ನು ನೌಕರರು ತಾವಾಗಿಯೇ ಕಲಿಯುತ್ತಾರೆ, ಅದು ಕೊಟ್ಟ ಉತ್ತರವನ್ನು ಮೂಲದೊಂದಿಗೆ ತಾಳೆ ನೋಡುವುದನ್ನು ಮಾತ್ರ ಕಲಿಸಬೇಕಾಗುತ್ತದೆ. ತಾಳೆ ನೋಡುವ ಆ ವಿದ್ಯೆ ನಮ್ಮ ಕಚೇರಿಗಳಿಗೆ ಹೊಸತೇನಲ್ಲ, ಕಂಪ್ಯೂಟರ್ ಎಂದರೆ ದೂರ ಸರಿಯುವ ಹಳಬರ ಬಳಿ ಅದು ಧಾರಾಳವಾಗಿದೆ.

ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಳೆಗೆ ಮನೆ ಕುಸಿದು ಪರಿಹಾರ ಕೋರಿದ್ದ ಅರ್ಜಿಯೊಂದಕ್ಕೆ ಹಿಂಬರಹ ಸಿದ್ಧಪಡಿಸುವುದು ಅಂದಿನ ಅಭ್ಯಾಸವಾಗಿತ್ತು. ಸೇವೆಗೆ ಸೇರಿ ಹೆಚ್ಚು ಕಾಲವಾಗದ ವಿಷಯ ನಿರ್ವಾಹಕರೊಬ್ಬರು (ಕಡತ ನೋಡಿಕೊಳ್ಳುವ ಗುಮಾಸ್ತರು) ಅರ್ಜಿಯ ಸಾರಾಂಶವನ್ನು ಮೊಬೈಲಿಗೆ ಹೇಳಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕರಡನ್ನು ಪಡೆದರು. ವಿಷಯ, ಉಲ್ಲೇಖ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಎಲ್ಲವೂ ಅಚ್ಚುಕಟ್ಟಾಗಿದ್ದವು. ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣದಷ್ಟು ವಿನಯವೂ ಆ ಪತ್ರದಲ್ಲಿತ್ತು. ಎರಡನೆಯ ಉಲ್ಲೇಖವಾಗಿ ಕಂದಾಯ ಇಲಾಖೆಯ ಸರ್ಕಾರಿ ಆದೇಶವೊಂದರ ಸಂಖ್ಯೆಯೂ ದಿನಾಂಕವೂ ಇದ್ದವು. ಪಕ್ಕದ ಮೇಜಿನಲ್ಲಿ, ನಿವೃತ್ತಿಗೆ ಹತ್ತಿರವಾಗಿರುವ ಪ್ರಥಮ ದರ್ಜೆ ಸಹಾಯಕಿಯೊಬ್ಬರಿದ್ದರು. ಬೆಳಗಿನಿಂದ ತರಬೇತಿಯಲ್ಲಿ ಒಂದು ಮಾತೂ ಆಡದಿದ್ದ ಅವರು ಕನ್ನಡಕ ಸರಿಪಡಿಸಿಕೊಂಡು ಪರದೆಯತ್ತ ಬಾಗಿದರು. "ಕಂದಾಯ ಇಲಾಖೆಯ ಕಂಇ ಸರಿ, ಮುಂದೆ ಎಲ್‌ಜಿಪಿ ಅಂತ ಯಾಕೆ ಬಂತು? ಅದು ಜಮೀನು ಮಂಜೂರಾತಿ ಶಾಖೆಯ ಅಕ್ಷರ. ಪ್ರಕೃತಿ ವಿಕೋಪದ ಆದೇಶ ಆದರೆ ಟಿಎನ್‌ಆರ್ ಇರಬೇಕಲ್ಲವೇ?" ಎಂದರು. ಹುಡುಕಿದಾಗ ಅಂತಹ ಆದೇಶವೇ ಇರಲಿಲ್ಲ. ಆದೇಶಗಳು ಹೇಗೆ ಕಾಣುತ್ತವೆಂದು ಬಲ್ಲ ಯಂತ್ರ, ಆದೇಶದಂತೆ ಕಾಣುವ ಒಂದು ಸಂಖ್ಯೆಯನ್ನು ತಾನೇ ಸೃಷ್ಟಿಸಿತ್ತು.

ಅದೇ ಕರಡಿನಲ್ಲಿದ್ದ ಮೊತ್ತದ ಕಥೆ ಇನ್ನೂ ಸ್ವಾರಸ್ಯಕರ. ವಿಕೋಪ ಪರಿಹಾರ ನಿಧಿಯ 2015-20ರ ಮಾನದಂಡದಂತೆ ಪೂರ್ಣ ಹಾನಿಗೊಂಡ ಮನೆಗೆ ಬಯಲು ಪ್ರದೇಶದಲ್ಲಿ 95,100 ರೂಪಾಯಿ, ಗುಡ್ಡಗಾಡು ಪ್ರದೇಶದಲ್ಲಿ 1,01,900 ರೂಪಾಯಿ ಇತ್ತು. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ತನ್ನ ಪಾಲನ್ನೂ ಸೇರಿಸಿ ಪೂರ್ಣ ಹಾನಿಯ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. 2022ರ ಪರಿಷ್ಕೃತ ಮಾನದಂಡದಲ್ಲಿ ಕೇಂದ್ರದ ಮೊತ್ತ ಬಯಲಿಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ಆಯಿತು. ಈ ಅಂಕಿಗಳೆಲ್ಲ ಒಂದೊಂದು ಕಾಲಕ್ಕೆ ಸರಿಯಾದವೇ, ಎಲ್ಲವೂ ಅಂತರಜಾಲದಲ್ಲಿ ಹರಡಿಕೊಂಡಿವೆ. ಯಂತ್ರವನ್ನು ಮೂರು ಸಲ ಕೇಳಿದರೆ ಇವುಗಳಲ್ಲಿ ಯಾವ ಮೂರನ್ನಾದರೂ ಕೊಡಬಲ್ಲದು, ಪ್ರತಿ ಸಲವೂ ಅಷ್ಟೇ ಆತ್ಮವಿಶ್ವಾಸದಿಂದ. ಹಾನಿ ಸಂಭವಿಸಿದ ದಿನಾಂಕಕ್ಕೆ ಯಾವ ಆದೇಶ ಜಾರಿಯಲ್ಲಿತ್ತು ಎಂದು ಮೊದಲು ಕೇಳಿಕೊಳ್ಳಬೇಕೆಂಬುದು ಮಾತ್ರ ಅದಕ್ಕೆ ಹೊಳೆಯಲಿಲ್ಲ. ವಿಷಯ ನಿರ್ವಾಹಕನಿಗೆ ಅದು ರಕ್ತಗತ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ಪರಿಹಾರದ ಕಡತಗಳನ್ನು ನಿಭಾಯಿಸಿದವರಿಗೆ, ಒಂದು ಆದೇಶದ ದಿನಾಂಕ ತಪ್ಪಿದರೆ ಒಂದು ಕುಟುಂಬದ ಪಾಲಿಗೆ ಏನು ತಪ್ಪುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂದಿನಿಂದ ಆ ಸಹಾಯಕಿಯವರ ಪ್ರಶ್ನೆಯನ್ನು ಪ್ರತಿ ತರಬೇತಿಯಲ್ಲೂ ಮೊದಲ ಪಾಠವಾಗಿ ಇಟ್ಟುಕೊಂಡಿದ್ದೇನೆ. ಯಂತ್ರ ಬರೆದ ಕರಡನ್ನು ಹಂಚಿ, ಇದರಲ್ಲಿ ಎಲ್ಲಿ ಆಕ್ಷೇಪಣೆ ಎತ್ತುತ್ತೀರಿ, ಟಿಪ್ಪಣಿ ಬರೆಯಿರಿ ಎಂದಷ್ಟೇ ಹೇಳುತ್ತೇನೆ. ಆಕ್ಷೇಪಣೆ ಎತ್ತುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ, ಈ ಗುಣ ಇಷ್ಟು ದಿನಕ್ಕೆ ಒಂದು ಒಳ್ಳೆಯ ಕೆಲಸಕ್ಕೆ ಬಂದಿದೆ. ಮೊಬೈಲಿನಲ್ಲಿ ಬೆರಳು ಓಡಿಸಲು ಬಾರದ ಹಿರಿಯರು ಈ ಅಭ್ಯಾಸದಲ್ಲಿ ಕಿರಿಯರಿಗಿಂತ ಮುಂದಿರುತ್ತಾರೆ, ಊಟದ ಹೊತ್ತಿಗೆ ಇಬ್ಬರೂ ಒಂದೇ ಪರದೆಯ ಮುಂದೆ ಕೂತಿರುತ್ತಾರೆ. ಒಬ್ಬರಿಗೆ ವೇಗ, ಇನ್ನೊಬ್ಬರಿಗೆ ಅನುಮಾನ.

ಇದು ಕೊಡಗಿನ ತಾಲ್ಲೂಕು ಕಚೇರಿಗೆ ಮಾತ್ರ ಸೀಮಿತವಾದ ತೊಂದರೆಯೆಂದು ಯಾರೂ ಭಾವಿಸಬಾರದು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದ ಕೆಳ ನ್ಯಾಯಾಲಯದ ಆದೇಶವೊಂದನ್ನು ಗಂಭೀರವಾಗಿ ಪರಿಗಣಿಸಿ ಕ್ರಮಕ್ಕೆ ಸೂಚಿಸಿತು. ನಮ್ಮ ಮಾಕುಟ್ಟದ ಗಡಿಯಾಚೆಗಿನ ಕೇರಳದಲ್ಲಿ ಅಲ್ಲಿನ ಹೈಕೋರ್ಟ್ ಅದೇ ವರ್ಷದ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ಕೃತಕ ಬುದ್ಧಿಮತ್ತೆಯ ಬಳಕೆಯ ನೀತಿಯೊಂದನ್ನು ಹೊರಡಿಸಿ, ತೀರ್ಮಾನಕ್ಕೆ ಬರಲು, ಪರಿಹಾರ ನಿರ್ಧರಿಸಲು, ತೀರ್ಪು ಬರೆಯಲು ಈ ಸಾಧನಗಳನ್ನು ಬಳಸಕೂಡದೆಂದು ನೇರವಾಗಿ ಬರೆಯಿತು. ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಎಂದು ಕಾಗದದ ಮೇಲೆ ಗೆರೆ ಎಳೆದ ಆ ಕ್ರಮ ನನಗೆ ಮೆಚ್ಚುಗೆಯಾಯಿತು. ಕಂದಾಯ ಅಥವಾ ಪಂಚಾಯತ್ ರಾಜ್ ಇಲಾಖೆಯ ಕೆಳಹಂತದ ನೌಕರನ ಕೈಗೂ ಅಷ್ಟೇ ಸರಳವಾದ ಒಂದು ಹಾಳೆ ಸಿಕ್ಕರೆ, ನಮ್ಮಂಥವರ ಅರ್ಧ ಕೆಲಸ ಮುಗಿದಂತೆ.

ಕೊಡಗಿಗೆ ವಿಶೇಷವಾದ ಸಮಸ್ಯೆಯೂ ಒಂದಿದೆ, ಅದು ಜಮೀನಿನದು. ಇಲ್ಲಿನ ಜಮ್ಮ (ವಂಶಪಾರಂಪರ್ಯವಾಗಿ ಬಂದದ್ದು), ಸಾಗು, ಉಂಬಳಿ ಹಿಡುವಳಿಗಳು, ಭತ್ತದ ಗದ್ದೆಗೆ ಸೊಪ್ಪು, ಸೌದೆ, ಮೇವಿಗೆಂದು ಹೊಂದಿಕೊಂಡು ಬಂದ ಬಾಣೆಗಳು, ಪೈಸಾರಿ ಎಂಬ ಸರ್ಕಾರಿ ಜಮೀನುಗಳು, ದೇವರಕಾಡುಗಳು, ಇವುಗಳ ಬೇರು 1899ರ ಕೊಡಗು ಭೂಕಂದಾಯ ನಿಯಮಾವಳಿಯಲ್ಲಿ ಮತ್ತು ಅದಕ್ಕೂ ಹಿಂದಿನ ಪದ್ಧತಿಯಲ್ಲಿದೆ. ಪಹಣಿಯಲ್ಲಿ ಮನೆತನದ ಯಜಮಾನರಾದ ಪಟ್ಟೇದಾರರ ಹೆಸರಿನೊಂದಿಗೆ ಕುಟುಂಬದ ಹತ್ತಾರು ಸದಸ್ಯರ ಹೆಸರುಗಳು ಬರುವುದು ಇಲ್ಲಿ ಸಾಮಾನ್ಯ ಸಂಗತಿ. ಮಂಡ್ಯದ ಅಥವಾ ಧಾರವಾಡದ ಜಮೀನಿನ ಬಗ್ಗೆ ಕೇಳಿದಾಗ ಯಂತ್ರ ಒಂದು ಮಟ್ಟಿಗೆ ಸರಿಯಾದ ಉತ್ತರ ಕೊಡಬಹುದು, ಏಕೆಂದರೆ ಅದು ಓದಿಕೊಂಡಿರುವ ಪಠ್ಯದಲ್ಲಿ ಅಂತಹ ಜಮೀನಿನ ಪ್ರಸ್ತಾಪ ಹೆಚ್ಚು. ಜಮ್ಮ ಬಾಣೆಯ ಖಾತೆಯ ಬಗ್ಗೆ ಕೇಳಿದರೆ ಅದನ್ನು ಸಾಮಾನ್ಯ ಖುಷ್ಕಿ ಜಮೀನೆಂದು ಭಾವಿಸಿ, ವಿಭಾಗಪತ್ರ ನೋಂದಾಯಿಸಿ ಖಾತೆ ಬದಲಾಯಿಸಿಕೊಳ್ಳಿ ಎಂದು ಸಲೀಸಾಗಿ ಹೇಳಿಬಿಡುತ್ತದೆ. ನಾಲ್ಕು ತಲೆಮಾರಿನ ಕುಟುಂಬದ ಮೂಲಮನೆಯಾದ ಐನ್‌ಮನೆಯ ಜಗಳ ಅಷ್ಟು ಸುಲಭದಲ್ಲಿ ತೀರುವಂತಿದ್ದರೆ ಸಹಾಯಕ ಆಯುಕ್ತರ ನ್ಯಾಯಾಲಯದಲ್ಲಿ ಕಡತಗಳು ಅಷ್ಟು ಎತ್ತರಕ್ಕೆ ಬೆಳೆಯುತ್ತಿರಲಿಲ್ಲ. ಆದ್ದರಿಂದ ಭೂಮಿಯ ಹಕ್ಕಿನ ವಿಷಯದಲ್ಲಿ ಯಂತ್ರದಿಂದ ಅಭಿಪ್ರಾಯ ಕೇಳುವುದನ್ನೇ ಬಿಡಿ ಎಂದು ಹೇಳುತ್ತೇನೆ. ಅದರ ಬದಲು, ನಿಮ್ಮ ಕೈಯಲ್ಲೇ ಇರುವ ಹಳೆಯ ಆದೇಶವನ್ನು ಅದಕ್ಕೆ ಕೊಟ್ಟು, ಇದರೊಳಗೆ ಇರುವುದನ್ನು ಮಾತ್ರ ಆಧರಿಸಿ ದಿನಾಂಕವಾರು ಪಟ್ಟಿ ಮಾಡು ಎಂದು ಕೇಳಿ. ಇದರಲ್ಲಿ ಅದು ನಿಜಕ್ಕೂ ಸಹಾಯಕ್ಕೆ ಬರುತ್ತದೆ, ತಾಳೆ ನೋಡುವುದಕ್ಕೂ ಮೂಲ ಕಡತ ಎದುರಿಗೇ ಇರುತ್ತದೆ.

ಹಳೆಯ ಆದೇಶವನ್ನು ಕೊಡುವುದೇನೋ ಸರಿ, ಯಂತ್ರ ಅದನ್ನು ಓದಬೇಕಲ್ಲ! ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಿಂದ ಸರ್ಕಾರದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಆದರೆ ಅದರ ಹಳೆಯ ಆವೃತ್ತಿಗಳಲ್ಲಿ ಸಿದ್ಧವಾದ ಕಡತಗಳು ಯೂನಿಕೋಡ್‌ನಲ್ಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದರಿಂದ ಕಣ್ಣಿಗೆ ಕನ್ನಡವಾಗಿ ಕಾಣುವ ಪುಟ ಯಂತ್ರಕ್ಕೆ ಚಿಹ್ನೆಗಳ ಗೊಂದಲವಾಗಿ ತೋರುತ್ತದೆ. ಇಪ್ಪತ್ತು ವರ್ಷಗಳ ಸುತ್ತೋಲೆ, ಸಭಾ ನಡವಳಿ, ಅನುಪಾಲನಾ ವರದಿಗಳು ಹೀಗೆ ಕೂತಿವೆ. ಒಬ್ಬ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಂತಹ ನಡವಳಿಯೊಂದನ್ನು ನೇರವಾಗಿ ಅಂಟಿಸಿ ಸಾರಾಂಶ ಕೇಳಿದಾಗ, ಯಂತ್ರವು ಅದು ಯಾವುದೋ ಗೂಢಲಿಪಿಯಿರಬೇಕೆಂದು ಊಹಿಸಿ ಅರ್ಥವನ್ನೂ ಕಲ್ಪಿಸಿಕೊಟ್ಟಿತು. ನಗು ಬಂದರೂ ಸಮಸ್ಯೆ ಗಂಭೀರವೇ. ಹಳೆಯ ಅಕ್ಷರವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ, ಅರ್ಧ ಗಂಟೆಯಲ್ಲಿ ಕಲಿಸಬಹುದು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಉಳಿಯುವ ತಪ್ಪುಗಳನ್ನು ಓದಿ ತಿದ್ದಬೇಕು, ಅಷ್ಟೆ. ಕೃತಕ ಬುದ್ಧಿಮತ್ತೆಯ ತರಬೇತಿಯೆಂದು ಬಂದವರಿಗೆ ನಾನು ಈ ಅಕ್ಷರ ಪರಿವರ್ತನೆಯನ್ನೂ ತಪ್ಪದೆ ಹೇಳಿಕೊಡುತ್ತೇನೆ. ಅನೇಕರಿಗೆ ಇದೇ ಇಡೀ ದಿನದ ದೊಡ್ಡ ಲಾಭವಾಗಿ ಕಾಣುತ್ತದೆ.

ಮಾತನ್ನು ಬರಹಕ್ಕಿಳಿಸುವ ಸೌಲಭ್ಯದ ಬಗ್ಗೆ ಗ್ರಾಮ ಪಂಚಾಯಿತಿಗಳಲ್ಲಿ ಬಹಳ ನಿರೀಕ್ಷೆಯಿದೆ, ಏಕೆಂದರೆ ಗ್ರಾಮಸಭೆಯ ನಡವಳಿ ಬರೆಯುವುದು ಯಾರಿಗೂ ಇಷ್ಟವಿಲ್ಲದ ಕೆಲಸ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಆರಂಭಿಸಿದ ಭಾಷಿಣಿ ವೇದಿಕೆಯೂ ಸೇರಿದಂತೆ ಈಗಿನ ಸಾಧನಗಳು ಕನ್ನಡದ ಮಾತನ್ನು ಸಾಕಷ್ಟು ಚೆನ್ನಾಗಿಯೇ ಬರೆದುಕೊಳ್ಳುತ್ತವೆ. ತೊಂದರೆ ಏನೆಂದರೆ ಕೊಡಗಿನ ಗ್ರಾಮಸಭೆ ಕನ್ನಡದಲ್ಲಿ ಮಾತ್ರ ನಡೆಯುವುದಿಲ್ಲ. ಅಧ್ಯಕ್ಷರು ಕನ್ನಡದಲ್ಲಿ ಆರಂಭಿಸುತ್ತಾರೆ, ಆನೆ ಕಂದಕದ ವಿಷಯ ಬಂದೊಡನೆ ಚರ್ಚೆ ಕೊಡವ ತಕ್ಕಿಗೆ ಹೊರಳುತ್ತದೆ, ಹಿಂದಿನ ಸಾಲಿನಿಂದ ಅರೆಭಾಷೆಯಲ್ಲಿ ಒಂದು ಆಕ್ಷೇಪ, ಮಲಯಾಳಂನಲ್ಲಿ ಒಂದು ಸಮರ್ಥನೆ, ಹಾಡಿಯಿಂದ (ಬುಡಕಟ್ಟು ಜನರ ಊರಿನಿಂದ) ಬಂದವರು ಎರವ ಅಥವಾ ಜೇನುಕುರುಬ ಭಾಷೆಯಲ್ಲಿ ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು. ಇವುಗಳಲ್ಲಿ ಕನ್ನಡ, ಮಲಯಾಳಂ ಬಿಟ್ಟರೆ ಉಳಿದವು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿಲ್ಲ. ಇದರ ಮೇಲೆ ತಗಡಿನ ಮಾಡಿಗೆ ಬೀಳುವ ಆಷಾಢದ ಮಳೆಯ ಸದ್ದು ಬೇರೆ. ಹೀಗೆ ಧ್ವನಿಮುದ್ರಿಸಿಕೊಂಡ ಸಭೆಯೊಂದರ ಬರಹವನ್ನು ನಾವು ಸೇರಿ ಓದಿದೆವು. ಅರ್ಥವಾಗದ ಕಡೆ ಯಂತ್ರ ಖಾಲಿ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಅದು ಆ ಜಾಗವನ್ನು ಒಳ್ಳೆಯ ಕನ್ನಡ ವಾಕ್ಯಗಳಿಂದ ತುಂಬಿಸಿ, ಕುಡಿಯುವ ನೀರಿನ ಕಾಮಗಾರಿಗೆ ಸಭೆ ಸರ್ವಾನುಮತದಿಂದ ಒಪ್ಪಿಗೆ ನೀಡಿತೆಂದು ಬರೆದಿತ್ತು. ಯಾರೂ ಆಡದ ಮಾತು ನಡವಳಿಯಲ್ಲಿ ನಿರ್ಣಯವಾಗಿ ದಾಖಲಾದರೆ ಅದರ ಮೇಲೆ ಕ್ರಿಯಾಯೋಜನೆ, ಅದರ ಮೇಲೆ ಬಿಲ್ಲು ತಯಾರಾಗುತ್ತವೆ. ನಡವಳಿಯ ವಿಷಯದಲ್ಲಿ ನನ್ನ ಸಲಹೆ ಹೀಗಿದೆ: ಕಾರ್ಯದರ್ಶಿಯು ಎಂದಿನಂತೆ ಕೈಬರಹದಲ್ಲಿ ಅಂಶಗಳನ್ನು ಗುರುತು ಮಾಡಿಕೊಳ್ಳಲಿ, ಸಭೆ ಮುಗಿದ ಮೇಲೆ ಆ ಅಂಶಗಳನ್ನು ತಾನೇ ಕನ್ನಡದಲ್ಲಿ ಯಂತ್ರಕ್ಕೆ ಓದಿ ಹೇಳಲಿ, ಯಂತ್ರ ಅದನ್ನು ನಡವಳಿಯ ನಮೂನೆಗೆ ತರಲಿ.

ಗೌಪ್ಯತೆಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟುವಾಗಿಯೇ ಮಾತನಾಡುತ್ತೇನೆ. ಪಡಿತರ ಚೀಟಿಗಳ ಪಟ್ಟಿ, ಜಾತಿ ಪ್ರಮಾಣಪತ್ರದ ಅರ್ಜಿ, ಆಧಾರ್ ಪ್ರತಿ, ವಿಧವಾ ವೇತನದ ಫಲಾನುಭವಿಗಳ ಬ್ಯಾಂಕ್ ಖಾತೆ, ಇವೆಲ್ಲ ಜನರು ಸರ್ಕಾರವನ್ನು ನಂಬಿ ಕೊಟ್ಟವು. ಇವುಗಳ ಚಿತ್ರ ತೆಗೆದು, ಸ್ವಂತ ಮೊಬೈಲಿನ ಉಚಿತ ಆ್ಯಪ್‌ಗೆ ಹಾಕಿ ಕೋಷ್ಟಕ ಮಾಡಿಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಮಾಡಿದವರು ಕೆಟ್ಟವರಲ್ಲ, ಸಂಜೆ ಐದಕ್ಕೆ ವರದಿ ಕೇಳಿದ ಮೇಲಧಿಕಾರಿಯ ಒತ್ತಡದಲ್ಲಿದ್ದವರು. ಕೇಂದ್ರ ಹಣಕಾಸು ಸಚಿವಾಲಯವು 2025ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ಕಚೇರಿಯ ಸಾಧನಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಮುಂತಾದವನ್ನು ಬಳಸಬಾರದೆಂದು ಸೂಚಿಸಿದ್ದು ಇದೇ ಕಾರಣಕ್ಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಈಗ ನಮ್ಮ ಮುಂದಿದೆ. ಆದರೂ ಬರೀ ನಿಷೇಧದಿಂದ ಪ್ರಯೋಜನ ಕಡಿಮೆ. ಕಚೇರಿಯ ಯಂತ್ರದಲ್ಲಿ ನಿಷೇಧಿಸಿದ್ದು ಜೇಬಿನ ಯಂತ್ರಕ್ಕೆ ವರ್ಗಾವಣೆಯಾಗುತ್ತದೆ. ಹೆಸರಿನ ಬದಲು ಅರ್ಜಿದಾರ ಒಂದು, ಅರ್ಜಿದಾರ ಎರಡು ಎಂದು ಬರೆಯುವುದು, ಸರ್ವೆ ನಂಬರನ್ನೂ ಗ್ರಾಮದ ಹೆಸರನ್ನೂ ತೆಗೆದುಹಾಕಿ ಕರಡು ಬರೆಸಿ ಕೊನೆಗೆ ಕೈಯಿಂದ ತುಂಬುವುದು, ಚಿತ್ರಗಳನ್ನು ಎಂದೂ ಹಾಕದಿರುವುದು, ಇಷ್ಟನ್ನು ಅಭ್ಯಾಸ ಮಾಡಿಸಿದರೆ ಬಹುಪಾಲು ಅಪಾಯ ತಪ್ಪುತ್ತದೆ. ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಸರ್ಕಾರವೇ ತನ್ನ ಸುರಕ್ಷಿತ ವ್ಯವಸ್ಥೆಯನ್ನು ಒದಗಿಸಬೇಕು, ನೌಕರ ತನ್ನ ಡೇಟಾ ಪ್ಯಾಕಿನಲ್ಲಿ ಸರ್ಕಾರ ನಡೆಸಬಾರದು.

ಕೆಲಸ ಹೋಗುತ್ತದೆಂಬ ಭಯದ ಬಗ್ಗೆ ಪತ್ರಿಕೆಗಳಲ್ಲಿ ಬರುವಷ್ಟು ಮಾತು ಕಚೇರಿಗಳಲ್ಲಿ ಕೇಳಿಸುವುದಿಲ್ಲ. ಮೂವರ ಕೆಲಸವನ್ನು ಒಬ್ಬರು ಮಾಡುತ್ತಿರುವಲ್ಲಿ ಇನ್ನು ಹೋಗಲು ಉಳಿದಿರುವ ಹುದ್ದೆ ಯಾವುದು? ಅಲ್ಲಿ ಕೇಳಿಬರುವ ಪ್ರಶ್ನೆ ಬೇರೆ: ತಪ್ಪಾದರೆ ನೋಟಿಸು ಯಾರಿಗೆ? 1957ರ ಶಿಸ್ತು ನಿಯಮಗಳ ಅಡಿಯಲ್ಲಿ ಕಾರಣ ಕೇಳಿ ನೋಟಿಸು ಬರುವುದು ಸಹಿ ಹಾಕಿದವರಿಗೆ ಮತ್ತು ಕಡತ ಮಂಡಿಸಿದವರಿಗೆ, ತಂತ್ರಾಂಶಕ್ಕಲ್ಲ. ಈ ಪ್ರಶ್ನೆಗೆ ನುಣುಚಿಕೊಳ್ಳದೆ ಉತ್ತರಿಸುವ ತನಕ ಯಾವ ತರಬೇತಿಯೂ ಒಳಗೆ ಇಳಿಯುವುದಿಲ್ಲ. ನಾನು ಹೇಳುವ ಉತ್ತರ ಹೀಗಿದೆ: ಜವಾಬ್ದಾರಿ ಸಹಿಯದೇ, ಅದರಲ್ಲಿ ಬದಲಾವಣೆಯಿಲ್ಲ, ಆದ್ದರಿಂದಲೇ ಯಂತ್ರದ ನೆರವನ್ನು ಮುಚ್ಚಿಡದೆ ಟಿಪ್ಪಣಿಯಲ್ಲೇ ಒಂದು ಸಾಲು ಬರೆಯಿರಿ. ಕರಡನ್ನು ಇಂತಹ ಸಾಧನದ ನೆರವಿನಿಂದ ಸಿದ್ಧಪಡಿಸಿ, ಕಡತದ ಇಂತಿಂತಹ ಪುಟಗಳೊಂದಿಗೆ ತಾಳೆ ನೋಡಲಾಗಿದೆ ಎಂಬ ಒಂದು ವಾಕ್ಯ ಸಾಕು. ಕಚೇರಿಯ ಮುಖ್ಯಸ್ಥರು ಇದಕ್ಕೆ ಒಪ್ಪಿದಲ್ಲೆಲ್ಲ ಬಳಕೆ ಬಯಲಿಗೆ ಬಂದಿದೆ, ತಪ್ಪುಗಳೂ ಬಯಲಿಗೆ ಬಂದಿವೆ. ಮುಖ್ಯಸ್ಥರು ತಾವೇ ಒಮ್ಮೆ ಸಿಬ್ಬಂದಿಯ ಎದುರು ಕುಳಿತು ಬಳಸಿ ತೋರಿಸಿದ ಕಡೆಯಂತೂ ನನ್ನ ಅಗತ್ಯವೇ ಬೀಳಲಿಲ್ಲ.

ತರಬೇತಿಯ ವಿಧಾನದ ಬಗ್ಗೆ ನಮ್ಮ ರಾಜ್ಯಕ್ಕೆ ಎರಡು ಹಳೆಯ ಅನುಭವಗಳಿವೆ. ಮೊದಲನೆಯದು ಭೂಮಿ ಯೋಜನೆ. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಬಂದವು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಿದ್ದರಿಂದ ಎಲ್ಲರೂ ಕಲಿತರು, ಕಲಿಯದೆ ಗತಿಯಿರಲಿಲ್ಲ. ಎರಡನೆಯದು 2012ರ ನಿಯಮಗಳಡಿ ನೌಕರರಿಗೆ ಕಡ್ಡಾಯವಾದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ. ಉತ್ತೀರ್ಣರಾಗಲು ಕೊಟ್ಟ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಪರೀಕ್ಷೆಯನ್ನು ಜನ ಪ್ರಶ್ನೆಪತ್ರಿಕೆಗಳ ಬಾಯಿಪಾಠದಿಂದ ದಾಟಿದರು, ದಾಟಿದ ಮೇಲೂ ಎಷ್ಟೋ ಮಂದಿ ಟೈಪ್ ಮಾಡಿಸಲು ಡೇಟಾ ಎಂಟ್ರಿ ಆಪರೇಟರರ ಮುಂದೆ ನಿಂತರು. ಭೂಮಿಯ ದಾರಿ ಈಗ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಯಾರು ಗುಂಡಿ ಒತ್ತಿದರೂ ಒಂದೇ ಪಹಣಿ ಬರುತ್ತಿತ್ತು. ಇಲ್ಲಿ ಒಂದೇ ಪ್ರಶ್ನೆಗೆ ಬೆಳಿಗ್ಗೆ ಒಂದು ಉತ್ತರ, ಮಧ್ಯಾಹ್ನ ಇನ್ನೊಂದು. ಪರೀಕ್ಷೆಯ ದಾರಿಯನ್ನಂತೂ ದಯವಿಟ್ಟು ಯಾರೂ ಮತ್ತೆ ಹಿಡಿಯಬಾರದು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯ ಅಡಿಯಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ, ಐಗಾಟ್ ಕರ್ಮಯೋಗಿ ಜಾಲತಾಣದಲ್ಲಿ ಪಾಠಗಳಿವೆ. ಇವು ಪರಿಚಯಕ್ಕೆ ಒಳ್ಳೆಯವು. ಆದರೆ ಈಜು ಕಲಿಸಬೇಕಾದರೆ ದಡದ ಮೇಲಿನ ಉಪನ್ಯಾಸ ಸಾಲದು. ವಿಷಯ ನಿರ್ವಾಹಕರ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು, ಅವರ ಬಾಕಿ ಕಡತವೊಂದನ್ನೇ ಎತ್ತಿಕೊಂಡು, ಅದು ವಿಲೇವಾರಿಯಾಗುವ ತನಕ ಜೊತೆಗಿರಬೇಕು. ಹೀಗೆ ಒಂದು ಕಚೇರಿಯಲ್ಲಿ ಒಬ್ಬರು ಗಟ್ಟಿಯಾಗಿ ಕಲಿತರೆ ಉಳಿದವರು ಅವರಿಂದ ಕಲಿಯುತ್ತಾರೆ.

ಉಳಿಯುವ ಸಮಯದ ಬಗ್ಗೆ ಅತಿಯಾದ ಮಾತು ಬೇಡ. ಬ್ರಿಟನ್ನಿನಲ್ಲಿ 2024ರ ಕೊನೆಯ ತಿಂಗಳುಗಳಲ್ಲಿ 20,000 ಸರ್ಕಾರಿ ನೌಕರರಿಗೆ ಇಂತಹ ಸಹಾಯಕ ತಂತ್ರಾಂಶ ಕೊಟ್ಟು ನೋಡಿದಾಗ ದಿನಕ್ಕೆ ಸರಾಸರಿ 26 ನಿಮಿಷ ಉಳಿಯಿತೆಂದು ವರದಿಯಾಯಿತು. ಅದು ನೌಕರರೇ ಹೇಳಿಕೊಂಡ ಲೆಕ್ಕ. ಅದೇ ಸರ್ಕಾರದ ವ್ಯಾಪಾರ ಇಲಾಖೆಯ ಇನ್ನೊಂದು ಮೌಲ್ಯಮಾಪನದಲ್ಲಿ ಉತ್ಪಾದಕತೆ ಹೆಚ್ಚಿತೆನ್ನಲು ಸಾಕ್ಷ್ಯ ದೊರೆಯಲಿಲ್ಲ. ನಮ್ಮಲ್ಲಿ ನಿಮಿಷ ಉಳಿದರೂ ಅದು ಯಾರ ಪಾಲಾಗುತ್ತದೆ ಎಂಬುದು ನನ್ನ ಚಿಂತೆ. ವರದಿ ಬೇಗ ತಯಾರಾಗುತ್ತದೆಂದು ತಿಳಿದರೆ ಮೇಲಿನ ಕಚೇರಿ ಇನ್ನೂ ಎರಡು ವರದಿ ಕೇಳುತ್ತದೆ. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯಾದ್ಯಂತ ಮುಷ್ಕರ ಹೂಡಿದಾಗ ಅವರ ದೂರುಗಳಲ್ಲಿ ಮುಖ್ಯವಾದದ್ದು ಒಬ್ಬರ ಮೇಲೆ ಹೇರಿರುವ ಹಲವಾರು ಮೊಬೈಲ್ ಆ್ಯಪ್‌ಗಳ ಹೊರೆ ಮತ್ತು ಕಚೇರಿಯ ಮೂಲಸೌಕರ್ಯಗಳ ಕೊರತೆ. ಅಂಥವರ ಮುಂದೆ ಕೃತಕ ಬುದ್ಧಿಮತ್ತೆ ಎಂದು ಬಾಯಿ ತೆರೆದರೆ, ಇದು ಇನ್ನೊಂದು ಆ್ಯಪ್ ಅಲ್ಲವಷ್ಟೇ ಎಂದು ಕೇಳುವುದು ಸಹಜ. ಉಳಿದ ವೇಳೆ ಸ್ಥಳ ತನಿಖೆಗೆ, ಅರ್ಜಿದಾರರ ಮಾತು ಕೇಳುವುದಕ್ಕೆ ಹೋಗಬೇಕೆಂದು ತಹಶೀಲ್ದಾರರು ಮೊದಲೇ ಹೇಳಿಬಿಟ್ಟರೆ ಕಲಿಯುವ ಉತ್ಸಾಹವೇ ಬೇರೆ ಇರುತ್ತದೆ.

ಇಷ್ಟೆಲ್ಲ ಹೇಳಿದ್ದು ನೌಕರ ತಾನಾಗಿ ಬಳಸುವ ಸಾಧನದ ಬಗ್ಗೆ. ಮೇಲಿನಿಂದ ಇಳಿದು ಬರುವ ಯಂತ್ರಗಳ ವಿಷಯ ಬೇರೆ. ಅಂಗನವಾಡಿಗಳಲ್ಲಿ ಮನೆಗೊಯ್ಯುವ ಪಡಿತರಕ್ಕೆ 2025ರ ಜುಲೈನಿಂದ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ತೋಟ ಕಾರ್ಮಿಕರ ಲೈನ್ ಮನೆಗಳಲ್ಲಿರುವ ಅಸ್ಸಾಂ ಕಡೆಯ ತಾಯಂದಿರ ಮುಖವನ್ನು, ನೆಟ್‌ವರ್ಕ್ ಬಂದು ಹೋಗುವ ಜಾಗದಲ್ಲಿ, ಯಂತ್ರ ಒಪ್ಪದಿದ್ದರೆ ಕಾರ್ಯಕರ್ತೆ ಏನು ಮಾಡಬೇಕು? ತೆಲಂಗಾಣದಲ್ಲಿ ದತ್ತಾಂಶ ಜೋಡಿಸುವ ವ್ಯವಸ್ಥೆಯನ್ನು ನಂಬಿ ಲಕ್ಷಾಂತರ ಪಡಿತರ ಚೀಟಿಗಳನ್ನು ರದ್ದುಪಡಿಸಿ, ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ಮರುಪರಿಶೀಲನೆಗೆ ಆದೇಶಿಸಬೇಕಾಯಿತು. ಯಂತ್ರ ಇಲ್ಲವೆಂದಾಗ ಹೌದೆಂದು ಬರೆದು ಸಹಿ ಮಾಡುವ ಅಧಿಕಾರ ಕೆಳಹಂತದ ನೌಕರನಿಗೆ ಇರಬೇಕು, ಆ ಅಧಿಕಾರವನ್ನು ಯಾವ ನಮೂನೆಯಲ್ಲಿ ಹೇಗೆ ಚಲಾಯಿಸಬೇಕೆಂಬುದೂ ತರಬೇತಿಯ ಭಾಗವಾಗಬೇಕು. ಈಗ ಅದು ಯಾವ ಪಠ್ಯಕ್ರಮದಲ್ಲೂ ನನಗೆ ಕಂಡಿಲ್ಲ.

ಮೂಲಸೌಕರ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ದೇಶದ ಕೃತಕ ಬುದ್ಧಿಮತ್ತೆ ಅಭಿಯಾನಕ್ಕೆ 2024ರ ಮಾರ್ಚ್‌ನಲ್ಲಿ ಒಪ್ಪಿಗೆಯಾದ ಮೊತ್ತ 10,000 ಕೋಟಿ ರೂಪಾಯಿಗಿಂತ ಹೆಚ್ಚು. ಭಾಗಮಂಡಲದ ಕಡೆಯ ಪಂಚಾಯಿತಿ ಕಚೇರಿಗೆ ಜುಲೈ ತಿಂಗಳಲ್ಲಿ ಬೇಕಾಗಿರುವುದು ಕೆಟ್ಟಿರುವ ಯುಪಿಎಸ್‌ಗೆ ಒಂದು ಬ್ಯಾಟರಿ.

ಮುಂದಿನ ಸುತ್ತು ಪೊನ್ನಂಪೇಟೆ ಭಾಗದ ಪಂಚಾಯಿತಿ ಸಿಬ್ಬಂದಿಗೆ. ಕಳೆದ ಬಾರಿಯಂತೆ ಸಭಾಂಗಣವನ್ನು ಕಾಯ್ದಿರಿಸಬೇಡಿ, ಒಂದೊಂದು ಪಂಚಾಯಿತಿಯಿಂದ ಒಬ್ಬ ಹಿರಿಯರು ಒಬ್ಬ ಕಿರಿಯರು ಜೋಡಿಯಾಗಿ ಬರಲಿ, ತಲಾ ಒಂದು ಬಾಕಿ ಕಡತ ತರಲಿ ಎಂದು ಕೇಳಿಕೊಂಡಿದ್ದೇನೆ. ಕಾಡಾನೆಯಿಂದಾದ ಬೆಳೆಹಾನಿಯ ಅರ್ಜಿಗಳನ್ನೇ ಹೆಚ್ಚಾಗಿ ತರುತ್ತಾರೆಂದು ತಿಳಿಯಿತು. ಅವುಗಳಲ್ಲಿ ಹಲವು ನಮ್ಮ ವ್ಯಾಪ್ತಿಗೆ ಬಾರದೆ ಅರಣ್ಯ ಇಲಾಖೆಗೆ ವರ್ಗಾಯಿಸಬೇಕಾದವು. ಯಂತ್ರ ಅದನ್ನು ಗುರುತಿಸುತ್ತದೆಯೇ, ಅಥವಾ ಪಂಚಾಯಿತಿಯಿಂದಲೇ ಪರಿಹಾರ ಮಂಜೂರು ಮಾಡಿಬಿಡುತ್ತದೆಯೇ ಎಂಬುದನ್ನು ಅಲ್ಲಿಯೇ ನೋಡೋಣ ಎಂದು ತೀರ್ಮಾನಿಸಿದ್ದೇವೆ.